ಒಳಗೆ ಹೋದವರಿಗಿಂತ ಹೊರಗೆ ಉಳಿದವರದ್ದೇ ಮಾತು

ಜನವರಿಯಲ್ಲಿ ಫಿಲಡೆಲ್ಫಿಯಾ ಕಡೆ ಬೇಸ್‌ಬಾಲ್ ಇರುವುದಿಲ್ಲ. ಹೊರಗೆ ಹಿಮ, ಮೈದಾನಕ್ಕೆ ಬೀಗ. ಆದರೂ ನಮ್ಮ ಆಫೀಸಿನ ಕಾಫಿ ಮಷಿನ್ ಪಕ್ಕ ನಡೆಯುವ ಮಾತೆಲ್ಲ ಬೇಸ್‌ಬಾಲಿನದೇ. ಈ ವರ್ಷ ಹಾಲ್ ಆಫ್ ಫೇಮ್‌ಗೆ, ಅಂದರೆ ಆಟದ ದೊಡ್ಡ ಆಟಗಾರರ ಗೌರವ ಪಟ್ಟಿಗೆ, ಯಾರು ಹೋಗುತ್ತಾರೆ? ಅದಕ್ಕಿಂತ ಮುಖ್ಯವಾಗಿ, ಯಾರು ಹೋಗುವುದಿಲ್ಲ? ಆಟವೇ ಇಲ್ಲದ ತಿಂಗಳಲ್ಲಿ ಆಟದ ಬಗ್ಗೆ ಇಷ್ಟು ಬಿಸಿ ಬಿಸಿ ಜಗಳ ಆಡುವ ಜನರನ್ನು ನಾನು ಬೇರೆಲ್ಲೂ ನೋಡಿಲ್ಲ.

ಇತ್ತೀಚೆಗೆ ಇಲ್ಲೂ ಒಂದು ಮಾತು ಜಾಸ್ತಿ ಕೇಳುತ್ತಿದೆ. ಹಾಲ್ ಆಫ್ ಫೇಮ್‌ಗೆ ಈಗ ಮೊದಲಿನ ಬೆಲೆ ಇಲ್ಲ, ಅದಕ್ಕೆಲ್ಲ ಯಾರು ತಲೆ ಕೆಡಿಸಿಕೊಳ್ಳುತ್ತಾರೆ ಅಂತ. ಹಾಗೆ ಅನ್ನುವವರ ಹತ್ತಿರ ಸರಕು ಇಲ್ಲದೆ ಇಲ್ಲ. 762 ಹೋಂ ರನ್ (ಕ್ರಿಕೆಟ್ಟಿನ ಸಿಕ್ಸರ್ ಇದ್ದ ಹಾಗೆ) ಹೊಡೆದು ಎಲ್ಲರಿಗಿಂತ ಮೇಲಿರುವ ಬ್ಯಾರಿ ಬಾಂಡ್ಸ್ ಒಳಗಿಲ್ಲ. 4,256 ಹಿಟ್ ಪಡೆದು ಎಲ್ಲರಿಗಿಂತ ಮೇಲಿರುವ ಪೀಟ್ ರೋಸ್ ಒಳಗಿಲ್ಲ. ಚೆಂಡು ಎಸೆಯುವ ಪಿಚರ್‌ಗಳಿಗೆ ಕೊಡುವ ಸೈ ಯಂಗ್ ಪ್ರಶಸ್ತಿಯನ್ನು ಏಳು ಸಲ ಗೆದ್ದ ರೋಜರ್ ಕ್ಲೆಮೆನ್ಸ್ ಒಳಗಿಲ್ಲ. ಆದರೆ ಪತ್ರಕರ್ತರ ಮತದಲ್ಲಿ ಯಾವತ್ತೂ ಶೇ. 6.1 ದಾಟದ ಹೆರಾಲ್ಡ್ ಬೇನ್ಸ್ 2018ರಲ್ಲಿ, ಪತ್ರಕರ್ತರು ಬಿಟ್ಟವರನ್ನು ಮತ್ತೆ ನೋಡುವ 16 ಜನರ ಒಂದು ಸಮಿತಿಯ ಕೃಪೆಯಿಂದ ಒಳಗೆ ಹೋದರು. ಆ ಸಮಿತಿಯಲ್ಲಿ ಅವರ ಹಳೆಯ ಮ್ಯಾನೇಜರ್ ಕೂತಿದ್ದರು, ಹಳೆಯ ತಂಡದ ಮಾಲೀಕರೂ ಕೂತಿದ್ದರು. ನಮ್ಮೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ ಅಲ್ವಾ.

ಇಷ್ಟಾದರೂ ಜನರಿಗೆ ಇದು ಬೇಕಾಗಿಲ್ಲ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಬೇಡವಾಗಿದ್ದರೆ ಬೇನ್ಸ್ ವಿಷಯಕ್ಕೆ ಇಷ್ಟು ವರ್ಷ ಆದ ಮೇಲೂ ಯಾಕೆ ಹಲ್ಲು ಕಡಿಯುತ್ತಾರೆ?

ಪದ್ಧತಿ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಬೇಸ್‌ಬಾಲ್ ಬರೆಯುವ ಪತ್ರಕರ್ತರ ಸಂಘದಲ್ಲಿ ಹತ್ತು ವರ್ಷ ಸದಸ್ಯರಾಗಿದ್ದವರಿಗೆ ಮತ ಇರುತ್ತದೆ. ಈಗ ಸುಮಾರು 400 ಜನ ಮತ ಹಾಕುತ್ತಾರೆ. ಆಟ ಬಿಟ್ಟು ಐದು ವರ್ಷ ಆದ ಆಟಗಾರರ ಪಟ್ಟಿಯಲ್ಲಿ ಒಬ್ಬೊಬ್ಬರು ಹತ್ತು ಹೆಸರಿನವರೆಗೆ ಗುರುತು ಹಾಕಬಹುದು. ಶೇ. 75 ಬಂದರೆ ಒಳಗೆ. ಶೇ. 5 ಕೂಡ ಬರದಿದ್ದರೆ ಮುಂದಿನ ವರ್ಷ ಹೆಸರೇ ಇರುವುದಿಲ್ಲ. ನಡುವೆ ಸಿಕ್ಕಿಕೊಂಡವರಿಗೆ ಹತ್ತು ವರ್ಷ ಅವಕಾಶ. ಪ್ರತಿ ವರ್ಷವೂ ಯಾರಿಗೆ ಎಷ್ಟು ಬಂತು ಅಂತ ಒಂದೊಂದು ಮತದ ಲೆಕ್ಕ ಹೊರಗೆ ಬರುತ್ತದೆ. ಆ ದಿನ ನೋಡಬೇಕು, ನಮ್ಮ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನದ್ದೇ ಕಳೆ. ಪಾಸಾದವರ ಹೆಸರಿಗಿಂತ ಒಂದೆರಡು ಅಂಕದಲ್ಲಿ ಹೋದವರ ಹೆಸರೇ ಜನರ ಬಾಯಲ್ಲಿ.

2020ರಲ್ಲಿ ಡೆರೆಕ್ ಜೀಟರ್‌ಗೆ 397ರಲ್ಲಿ 396 ಮತ ಬಂತು. ಮತ ಹಾಕದ ಆ ಒಬ್ಬ ಯಾರು ಅಂತ ಇವತ್ತಿಗೂ ಗೊತ್ತಿಲ್ಲ. 2025ರಲ್ಲಿ ಇಚಿರೊ ಸುಜುಕಿಗೆ 394ರಲ್ಲಿ 393. ಆ ಒಬ್ಬರನ್ನು ಮನೆಗೆ ಕರೆದು ಜೊತೆಗೆ ಕೂತು ಕುಡಿಯಬೇಕು ಅಂತ ಇಚಿರೊ ನಗುತ್ತಾ ಹೇಳಿದರು. ಅಭಿಮಾನಿಗಳು ನಗಲಿಲ್ಲ, ಬಹಳ ದಿನ ಪತ್ತೇದಾರಿಕೆ ಮಾಡಿದರು. ಇವರಿಬ್ಬರಿಗೂ ಮೊದಲು, 2019ರಲ್ಲಿ ಮರಿಯಾನೊ ರಿವೆರಾಗೆ 425ಕ್ಕೆ 425 ಬಂದಿತ್ತು. ಪತ್ರಕರ್ತರ ಮತದಲ್ಲಿ ಹಾಗೆ ಒಂದೂ ಬಿಡದೆ ಎಲ್ಲರ ಮತ ಪಡೆದದ್ದು ಅವರೊಬ್ಬರೇ. ವಿಚಿತ್ರ ನೋಡಿ, ಅದರ ಬಗ್ಗೆ ಮಾತಾಡುವವರೇ ಕಡಿಮೆ.

ಈಗ ನಮ್ಮ ಕಡೆ ಬರೋಣ. ಐಸಿಸಿ ಕೂಡ 2009ರಲ್ಲಿ ಕ್ರಿಕೆಟ್‌ಗೆ ಒಂದು ಹಾಲ್ ಆಫ್ ಫೇಮ್ ಶುರು ಮಾಡಿತು. ಅದರಲ್ಲಿ ನಮ್ಮ ಅನಿಲ್ ಕುಂಬ್ಳೆ ಇದ್ದಾರೆ, 2015ರಿಂದ. ರಾಹುಲ್ ದ್ರಾವಿಡ್ 2018ರಲ್ಲಿ ಸೇರಿದರು. ತಿರುವನಂತಪುರದಲ್ಲಿ ವೆಸ್ಟ್ ಇಂಡೀಸ್ ಪಂದ್ಯಕ್ಕೆ ಮುಂಚೆ ಗಾವಸ್ಕರ್ ಅವರು ದ್ರಾವಿಡ್ ಕೈಗೆ ಸ್ಮರಣಿಕೆ ಕೊಟ್ಟರು. ಅವತ್ತು ನವೆಂಬರ್ 1. ರಾಜ್ಯೋತ್ಸವದ ದಿನ ಕನ್ನಡಿಗನಿಗೆ ಜಗತ್ತಿನ ಗೌರವ! ಇದಕ್ಕಿಂತ ಒಳ್ಳೆ ಮುಹೂರ್ತ ಎಲ್ಲಿ ಸಿಗುತ್ತದೆ? ಆದರೆ ಅದು ಎಷ್ಟು ಜನಕ್ಕೆ ನೆನಪಿದೆ? ಬೆಂಗಳೂರಿನ ನನ್ನ ಗೆಳೆಯರ ಗುಂಪಿನಲ್ಲಿ ಕೇಳಿ ನೋಡಿದೆ. ದ್ರಾವಿಡ್ ಅಡಿಲೇಡ್‌ನಲ್ಲಿ ಹೊಡೆದ 233 ಎಲ್ಲರಿಗೂ ಗೊತ್ತು. ಈ ಹಾಲ್ ಆಫ್ ಫೇಮ್ ಯಾರಿಗೂ ಗೊತ್ತಿಲ್ಲ.

ಇದಕ್ಕೆ ಕಾರಣ ಕ್ರಿಕೆಟ್ ಮೇಲೆ ಪ್ರೀತಿ ಕಡಿಮೆ ಅಂತ ಅಲ್ಲ. ಅಲ್ಲಿ ಯಾರು ಸೋತರು ಅಂತ ನಮಗೆ ಕಾಣಿಸುವುದೇ ಇಲ್ಲ. ಬಿಷನ್ ಸಿಂಗ್ ಬೇಡಿ ಮೊದಲ ಪಟ್ಟಿಯಲ್ಲೇ ಇದ್ದರು, ಸರಿ. ಆದರೆ ಅವರ ಜೊತೆ ಬೌಲ್ ಮಾಡಿದ ನಮ್ಮ ಚಂದ್ರಶೇಖರ್? 1971ರಲ್ಲಿ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡಿನಲ್ಲಿ ಭಾರತಕ್ಕೆ ಮೊದಲ ಟೆಸ್ಟ್ ಗೆಲುವಿನ ದಾರಿ ಮಾಡಿಕೊಟ್ಟವರು? ಪ್ರಸನ್ನ? ವಿಶ್ವನಾಥ್? ಇವರ ಹೆಸರು ಯಾವತ್ತಾದರೂ ಚರ್ಚೆಗೆ ಬಂತೇ, ಬಂದಿದ್ದರೆ ಎಷ್ಟು ಮತ ಬಿತ್ತು, ಯಾರು ಬೇಡ ಅಂದರು? ಒಂದೂ ನಮ್ಮ ಕಿವಿಗೆ ಬೀಳುವುದಿಲ್ಲ. ವರ್ಷಕ್ಕೊಮ್ಮೆ ನಾಲ್ಕಾರು ಹೆಸರು ಬರುತ್ತವೆ, ಒಂದು ಫೋಟೊ ಬರುತ್ತದೆ, ಮುಗಿಯಿತು. ಚಂದ್ರ ಶೇ. 71ಕ್ಕೆ ನಿಂತರು ಅಂತ ಯಾರಾದರೂ ಹೇಳಲಿ, ಮಲ್ಲೇಶ್ವರದಿಂದ ಮೈಸೂರಿನವರೆಗೆ ಒಂದು ವಾರ ಬೇರೆ ಮಾತೇ ಇರುವುದಿಲ್ಲ.

ರಾಜ್ಯೋತ್ಸವ ಪ್ರಶಸ್ತಿಯದ್ದೂ ಇದೇ ಕಥೆ. ರಾಜ್ಯಕ್ಕೆ ಎಷ್ಟು ವರ್ಷವೋ ಅಷ್ಟು ಪ್ರಶಸ್ತಿ, 2024ರಲ್ಲಿ 69. ಆಯ್ಕೆ ಸಮಿತಿಯಲ್ಲಿ ಏನು ನಡೆಯಿತು ಅನ್ನುವುದು ಗುಸುಗುಸುವಾಗಿಯೇ ಉಳಿಯುತ್ತದೆ. ಲಾಬಿ ಅಂತ ಬೈದು ಸುಮ್ನೆ ಆಗುತ್ತೇವೆ. ಲೆಕ್ಕ ಕೈಗೆ ಸಿಗದಿದ್ದರೆ ಜಗಳ ಆಡುವುದಾದರೂ ಯಾವುದರ ಮೇಲೆ?

ಫಿಲಡೆಲ್ಫಿಯಾದವರಿಗೆ ಈ ಲೆಕ್ಕ ಎಷ್ಟು ಚುಚ್ಚುತ್ತದೆ ಅನ್ನಲು ಡಿಕ್ ಆಲೆನ್ ಕಥೆ ಸಾಕು. 1964ರಲ್ಲಿ ವರ್ಷದ ಹೊಸ ಆಟಗಾರ ಪ್ರಶಸ್ತಿ ಗೆದ್ದ ಹುಡುಗ. ಇಲ್ಲಿನ ಫಿಲೀಸ್ ತಂಡದ ಮೊದಲ ಕಪ್ಪು ತಾರೆ. ಅವರನ್ನು ಊರು ನಡೆಸಿಕೊಂಡ ರೀತಿ ಹೇಳಲು ನಾಚಿಕೆಯಾಗಬೇಕು. ಗ್ಯಾಲರಿಯಿಂದ ಏನೇನೋ ಎಸೆಯುತ್ತಿದ್ದರು. ಅದಕ್ಕೆ ಆಲೆನ್ ಫೀಲ್ಡಿಂಗ್ ಮಾಡುವಾಗಲೂ ಬ್ಯಾಟಿಂಗ್ ಹೆಲ್ಮೆಟ್ ಹಾಕಿಕೊಂಡೇ ನಿಲ್ಲುತ್ತಿದ್ದರು. 1969ರಲ್ಲಿ ಮೊದಲ ಬೇಸ್ ಪಕ್ಕದ ಮಣ್ಣಿನಲ್ಲಿ ಶೂ ತುದಿಯಿಂದ ಅಕ್ಷರ ಬರೆಯಲು ಶುರು ಮಾಡಿದರು. ಗ್ಯಾಲರಿ 'ಬೂ' ಅಂತ ಕೂಗಿದರೆ ಇವರು ನೆಲದ ಮೇಲೆ ದೊಡ್ಡದಾಗಿ 'ಬೂ' ಅಂತ ಬರೆಯುತ್ತಿದ್ದರು. ಬರೆಯಬೇಡ ಅಂತ ಅಪ್ಪಣೆ ಬಂತು. ಅದಕ್ಕೆ 'ವೈ', ಅಂದರೆ 'ಯಾಕೆ' ಅಂತ ಬರೆದರು.

ಆಮೇಲೆ ಷಿಕಾಗೊಗೆ ಹೋಗಿ 1972ರಲ್ಲಿ ಲೀಗಿನ ಅತ್ಯುತ್ತಮ ಆಟಗಾರ ಆದರು. ಒಟ್ಟು 351 ಹೋಂ ರನ್. ಆದರೆ ಪತ್ರಕರ್ತರ ಮತ ಯಾವತ್ತೂ ಶೇ. 19 ಮುಟ್ಟಲಿಲ್ಲ. ಮತದ ನಿಯಮದಲ್ಲಿ ನಡತೆ, ಪ್ರಾಮಾಣಿಕತೆಯನ್ನೂ ನೋಡಬೇಕು ಅಂತ ಒಂದು ಸಾಲಿದೆ. ಕಿರಿಕಿರಿ ಮನುಷ್ಯ ಅಂತ ಹಣೆಪಟ್ಟಿ ಹಚ್ಚಿಸಿಕೊಂಡವರಿಗೆ ಆ ಸಾಲು ಒಂದು ಗೋಡೆ. ಆಮೇಲೆ 2014ರಲ್ಲಿ ಸಮಿತಿಯ ಮುಂದೆ ಹೆಸರು ಬಂತು. 12 ಮತ ಬೇಕಿತ್ತು, 11 ಬಂತು. 2020ರ ಡಿಸೆಂಬರ್‌ನಲ್ಲಿ ಮತ್ತೆ ಮತ ಆಗಬೇಕಿತ್ತು, ಕೊರೊನಾ ಅಂತ ಒಂದು ವರ್ಷ ಮುಂದಕ್ಕೆ ಹಾಕಿದರು. ಅದೇ ತಿಂಗಳು 7ರಂದು ಆಲೆನ್ ತೀರಿಕೊಂಡರು. 2021ರಲ್ಲಿ ಮತ್ತೆ ಮತ ಆಯಿತು. ಮತ್ತೆ 11. ಕೊನೆಗೆ 2024ರ ಡಿಸೆಂಬರ್‌ನಲ್ಲಿ 13 ಮತ ಬಂದು ಗೆದ್ದರು. 2025ರ ಜುಲೈನಲ್ಲಿ, ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನ್‌ನಲ್ಲಿ ವೇದಿಕೆ ಹತ್ತಿ ಮಾತಾಡಿದ್ದು ಅವರ ಹೆಂಡತಿ.

ಒಂದು ಮತ ಕಡಿಮೆ, ಅದೂ ಎರಡು ಸಲ. ಈ ಸಂಖ್ಯೆ ಹೊರಗೆ ಬರದಿದ್ದರೆ ಆಲೆನ್ ಪರವಾಗಿ ಇಷ್ಟು ವರ್ಷ ಕೂಗು ಏಳುತ್ತಿರಲಿಲ್ಲ. ಹಾಲ್ ಆಫ್ ಫೇಮ್‌ಗೆ ಹೋಗದವರ ಜೆರ್ಸಿ ನಂಬರನ್ನು ಗೌರವಕ್ಕೆ ಎತ್ತಿಡುವುದಿಲ್ಲ ಅನ್ನುವುದು ಫಿಲೀಸ್ ತಂಡದ ರೂಢಿ. ಆಲೆನ್‌ಗಾಗಿ 2020ರ ಸೆಪ್ಟೆಂಬರ್‌ನಲ್ಲಿ ಆ ರೂಢಿಯನ್ನೇ ಮುರಿದು ನಂಬರ್ 15 ಎತ್ತಿಟ್ಟರು. ಆಗಿನ್ನೂ ಅವರು ಬದುಕಿದ್ದರು. ಅಷ್ಟಾದರೂ ಆಯಿತು.

ಕೂಪರ್ಸ್‌ಟೌನ್‌ಗೆ ನಾನೂ ಹೋಗಿದ್ದೇನೆ. ನ್ಯೂಯಾರ್ಕ್ ರಾಜ್ಯದ ಒಳಗೆ, ಒಟ್ಸೆಗೊ ಸರೋವರದ ದಂಡೆಯ ಸಣ್ಣ ಊರು. ಬೇಸ್‌ಬಾಲ್ ಇಲ್ಲೇ ಹುಟ್ಟಿತು ಅನ್ನುವ ಕಥೆ ನಂಬಿ 1939ರಲ್ಲಿ ಮ್ಯೂಸಿಯಂ ತೆರೆದರು. ಆ ಕಥೆ ಶುದ್ಧ ಸುಳ್ಳು, ಅದು ಈಗ ಎಲ್ಲರಿಗೂ ಗೊತ್ತು. ಹಾಗಂತ ಯಾರೂ ಬರುವುದನ್ನು ಬಿಟ್ಟಿಲ್ಲ. ಸ್ಥಳಪುರಾಣ ಅಂದರೆ ಎಲ್ಲ ಕಡೆ ಹೀಗೇ ಇರಬೇಕು.

ಅಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಕಂಚಿನ ಫಲಕಗಳಲ್ಲ, ಒಂದು ಚೆಂಡು. 2007ರಲ್ಲಿ ಬಾಂಡ್ಸ್ ಹಳೆಯ ದಾಖಲೆ ಮುರಿದು ಹೊಡೆದ 756ನೇ ಹೋಂ ರನ್ನಿನ ಚೆಂಡು. ಬಟ್ಟೆ ವ್ಯಾಪಾರಿ ಮಾರ್ಕ್ ಎಕೊ ಅದನ್ನು ಹರಾಜಿನಲ್ಲಿ ಏಳೂವರೆ ಲಕ್ಷ ಡಾಲರ್‌ಗೆ ಕೊಂಡರು. ಏನು ಮಾಡಲಿ ಅಂತ ಜನರನ್ನೇ ಕೇಳಿದರು. ಹಾಗೇ ಕೊಡಲೋ, ಸ್ಟೆರಾಯ್ಡ್ ಅನುಮಾನದ ಗುರುತಾಗಿ ನಕ್ಷತ್ರ ಚಿಹ್ನೆ ಕೆತ್ತಿ ಕೊಡಲೋ, ಇಲ್ಲಾ ಆಕಾಶಕ್ಕೆ ಹಾರಿಸಿಬಿಡಲೋ? ಲಕ್ಷಗಟ್ಟಲೆ ಜನ ಮತ ಹಾಕಿದರು, ನಕ್ಷತ್ರ ಗೆದ್ದಿತು. ಆ ಗುರುತು ಹೊತ್ತ ಚೆಂಡು ಮ್ಯೂಸಿಯಂ ಸೇರಿತು. ಹೊಡೆದ ಮನುಷ್ಯನ ಫಲಕ ಮಾತ್ರ ಗೋಡೆ ಸೇರಿಲ್ಲ. ಇದಕ್ಕಿಂತ ಬಿಗಿಯಾದ ತೀರ್ಪನ್ನು ಯಾವ ಪತ್ರಕರ್ತನೂ ಬರೆದಿಲ್ಲ ಅಂತ ನನಗೆ ಅನಿಸಿತು. ಆಯ್ಕೆ ಬಗ್ಗೆ ತಲೆ ಕೆಡಿಸಿಕೊಳ್ಳದ ಜನ ಚೆಂಡಿನ ಮೇಲೆ ಏನು ಕೆತ್ತಬೇಕು ಅಂತ ಕೂತು ಮತ ಹಾಕುತ್ತಾರೆಯೇ?

ಬಾಂಡ್ಸ್ ಪತ್ರಕರ್ತರ ಮತದಲ್ಲಿ ಹತ್ತನೇ ಮತ್ತು ಕೊನೆಯ ಸಲ, 2022ರಲ್ಲಿ, ಶೇ. 66ಕ್ಕೆ ನಿಂತರು. ಅದು ತೆರೆದ ಸೋಲು. ಸರಿಯೋ ತಪ್ಪೋ, ನಮ್ಮ ಕಣ್ಣ ಮುಂದೆ ನಡೆಯಿತು. ನನಗೆ ಬೇಸರ ಇರುವುದು ಆಮೇಲಿನದ್ದರ ಬಗ್ಗೆ. 2025ರ ಡಿಸೆಂಬರ್‌ನಲ್ಲಿ ಅವರ ಹೆಸರು ಸಮಿತಿಯ ಮುಂದೆ ಹೋಯಿತು. ಗೆದ್ದ ಜೆಫ್ ಕೆಂಟ್‌ಗೆ 14 ಮತ ಅಂತ ಹೇಳಿದರು. ಬಾಂಡ್ಸ್, ಕ್ಲೆಮೆನ್ಸ್‌ಗೆ 'ಐದಕ್ಕಿಂತ ಕಡಿಮೆ' ಅಂದರು, ಅಷ್ಟೇ. ನಾಲ್ಕೋ, ಸೊನ್ನೆಯೋ? ಅದರ ಮೇಲೆ ಹೊಸ ನಿಯಮ ಬೇರೆ. ಐದು ಮತ ಬರದವರು ಮುಂದಿನ ಸುತ್ತಿಗೆ ಬರುವಂತಿಲ್ಲ, ಎರಡನೇ ಸಲವೂ ಹಾಗಾದರೆ ಶಾಶ್ವತವಾಗಿ ಹೊರಗೆ. ಹೀಗೆ ಲೆಕ್ಕ ಮುಚ್ಚಿಡುವುದು ನಮ್ಮ ಕಡೆಯ ಪದ್ಧತಿ. ಇಲ್ಲಿ ಯಾಕೆ ಬಂತೋ. ಪತ್ರಕರ್ತರು ಒಳ್ಳೆಯವರಾಗಿ 2016ರಲ್ಲಿ, ನಮ್ಮ ಎಲ್ಲರ ಮತವನ್ನೂ ಹೆಸರು ಸಮೇತ ಪ್ರಕಟಿಸಿ ಅಂತ ಅವರೇ ತೀರ್ಮಾನ ಮಾಡಿದ್ದರು. ಬೇಡ ಅಂದದ್ದು ಹಾಲ್ ಆಫ್ ಫೇಮ್. ಹುಡುಗರಿಗೆ ಆಸಕ್ತಿ ಹೋಗುತ್ತಿದೆ ಅಂತ ಗೊಣಗುವವರು ಮೊದಲು ಈ ಬಾಗಿಲು ತೆರೆಯಲಿ.

ತೆರೆದ ಕಡೆ ಆಸಕ್ತಿ ಎಲ್ಲೂ ಹೋಗಿಲ್ಲ. ಸ್ವಂತ ಇಷ್ಟದಿಂದ ಮತ ಬಹಿರಂಗ ಮಾಡುವ ಪತ್ರಕರ್ತರ ಪಟ್ಟಿಗಳನ್ನು ಅಭಿಮಾನಿಗಳು ಒಂದೊಂದಾಗಿ ಕೂಡಿಸುತ್ತಾ ಹೋಗುತ್ತಾರೆ, ಚುನಾವಣೆಯ ಎಣಿಕೆ ಮಾಡಿದ ಹಾಗೆ. ಫಿಲಡೆಲ್ಫಿಯಾದ ಕಣ್ಣು ಈಗ ಫಿಲೀಸ್‌ಗೆ ಆಡಿದ ಚೇಸ್ ಅಟ್ಲಿ ಮೇಲೆ. 2024ರಲ್ಲಿ ಶೇ. 28.8, ಮರುವರ್ಷ 39.8, 2026ರಲ್ಲಿ 59.1. ನನ್ನ ಪಕ್ಕದ ಸೀಟಿನವನಿಗೆ ತನ್ನ ಮನೆ ಸಾಲದ ಬಡ್ಡಿದರ ನೆನಪಿರುವುದಿಲ್ಲ, ಈ ಮೂರು ಸಂಖ್ಯೆ ಬಾಯಿಪಾಠ.

2027ರ ಡಿಸೆಂಬರ್‌ನಲ್ಲಿ ಹಳೆಯ ಕಾಲದ ಆಟಗಾರರ ಸಮಿತಿ ಕೂರುತ್ತದೆ. ಪೀಟ್ ರೋಸ್ ಹೆಸರು ಬರಬಹುದು. ಮ್ಯಾನೇಜರ್ ಆಗಿದ್ದಾಗ ಸ್ವಂತ ತಂಡದ ಪಂದ್ಯಗಳ ಮೇಲೆ ಬಾಜಿ ಕಟ್ಟಿದ್ದಕ್ಕೆ 1989ರಲ್ಲಿ ನಿಷೇಧ ಬಿದ್ದಿತ್ತು. 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡರು, ಸತ್ತವರಿಗೆ ಆ ನಿಷೇಧ ಇಲ್ಲ ಅಂತ 2025ರ ಮೇನಲ್ಲಿ ಬೇಸ್‌ಬಾಲ್ ಕಮಿಷನರ್ ಹೇಳಿದರು. 1980ರಲ್ಲಿ ಫಿಲಡೆಲ್ಫಿಯಾ ಮೊದಲ ಸಲ ವರ್ಲ್ಡ್ ಸೀರೀಸ್ ಗೆದ್ದಾಗ ರೋಸ್ ತಂಡದಲ್ಲಿದ್ದರು. ಹಾಗಾಗಿ ಇಲ್ಲಿ ಈಗಲೇ ಎರಡು ಪಕ್ಷ ಆಗಿದೆ. ನಾನು ಬೇಡ ಅನ್ನುವ ಪಕ್ಷ. 2000ರಲ್ಲಿ ಮ್ಯಾಚ್ ಫಿಕ್ಸಿಂಗ್ ಸುದ್ದಿ ಕೇಳಿ ಟಿವಿ ಆರಿಸಿದ ತಲೆಮಾರಿನವನು, ಬಾಜಿ ವಿಷಯದಲ್ಲಿ ಮನಸ್ಸು ಕರಗುವುದಿಲ್ಲ. ಆದರೆ ಬೇಕು ಅಂದವರೆಷ್ಟು, ಬೇಡ ಅಂದವರೆಷ್ಟು ಅಂತ ಆ 16 ಜನ ಬಾಯಿ ಬಿಟ್ಟು ಹೇಳಲಿ. 'ಐದಕ್ಕಿಂತ ಕಡಿಮೆ' ಅಂದು ಎದ್ದು ಹೋದರೆ, ರೋಸ್ ಬೇಡ ಅನ್ನುವ ನನ್ನಂಥವರೂ ಬೇಕು ಅನ್ನುವ ಪಕ್ಷದ ಜೊತೆ ಸೇರಿ ಕೂಗುತ್ತೇವೆ.