ಹಂಪ್ಸಿಗೆ ಯಾರ ಹೆಸರು ಬರೆಸೋದು?

ನನ್ನ ಹೊಲಿಗೆ ಮೆಷಿನ್ನು ಕಿಟಕಿ ಪಕ್ಕಕ್ಕೇ ಇದೆ. ಕಿಟಕಿಯಾಚೆ ರಸ್ತೆ, ರಸ್ತೆಯಾಚೆ ನಮ್ಮೂರ ಸರ್ಕಾರಿ ಶಾಲೆ. ಹನ್ನೊಂದು ವರ್ಷದಿಂದ ರವಿಕೆ ಹೊಲಿಯುತ್ತಾ ಆ ರಸ್ತೆಯನ್ನೇ ನೋಡಿಕೊಂಡು ಬಂದಿದ್ದೇನೆ. ಹಾಗಾಗಿ ಎಂಜಿನಿಯರ್ ಅಲ್ಲದಿದ್ದರೂ ನಾಲ್ಕು ಮಾತು ಬರೆಯುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಮೂರು ವರ್ಷದ ಹಿಂದೆ ಅದನ್ನು ರಸ್ತೆ ಅನ್ನೋಕೆ ನಾಚಿಕೆ ಆಗ್ತಿತ್ತು. ಒಂದು ಗುಂಡಿ ತಪ್ಪಿಸಿದರೆ ಇನ್ನೊಂದಕ್ಕೆ ಬೀಳಬೇಕು. ಕೊಬ್ಬರಿ ಲೋಡಿನ ಲಾರಿಗಳು ಶಾಲೆ ಮುಂದೆ ಎತ್ತಿನ ಗಾಡಿಯ ಹಾಗೆ ತೆವಳುತ್ತಿದ್ದವು. ಅರ್ಜಿ ಕೊಟ್ಟವರೂ ನಾವೇ, ಒಂದು ದಿನ ರಸ್ತೆ ತಡೆ ಮಾಡಿದವರೂ ನಾವೇ. ಕೊನೆಗೆ ಅನುದಾನ ಬಂತು, ರಸ್ತೆ ಅಗಲ ಆಯ್ತು, ಡಾಂಬರು ಬಿತ್ತು. ಭೂಮಿಪೂಜೆ ದಿನ ಕುಂಕುಮದ ತಟ್ಟೆ ಹಿಡಿದು ನಾನೂ ನಿಂತಿದ್ದೆ. ಅಷ್ಟು ವರ್ಷ ನಮ್ಮ ಮಕ್ಕಳನ್ನು ಕಾಯ್ತಾ ಇದ್ದದ್ದು ಆ ಗುಂಡಿಗಳೇ ಅಂತ ಗೊತ್ತಾಗಿದ್ದು ಆಮೇಲೆ.

ಬಸ್ಸು ಶಾಲೆಯ ಎದುರಿಗೆ ನಿಲ್ಲುತ್ತೆ. ಪಕ್ಕದ ಹಳ್ಳಿ ಮಕ್ಕಳು ಇಳಿದು ಬಸ್ಸಿನ ಮುಂದಿನಿಂದ ದಾಟುತ್ತಾರೆ. ಹಿಂದಿನಿಂದ ಓವರ್‌ಟೇಕ್ ಮಾಡಿಕೊಂಡು ಬರುವವನಿಗೆ ಬಸ್ಸು ಕಾಣುತ್ತೆ, ಮಗು ಕಾಣಲ್ಲ. ಐವತ್ತು ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಹದಿನಾಲ್ಕು ಮೀಟರ್. ಬ್ರೇಕಿನ ಮೇಲೆ ಕಾಲಿಡುವಷ್ಟರಲ್ಲೇ ಶಾಲೆಯ ಗೇಟು ದಾಟಿ ಹೋಗಿರುತ್ತೆ. ಮೂವತ್ತರಲ್ಲಿ ಬಂದರೆ ಅದೇ ಸೆಕೆಂಡಿಗೆ ಎಂಟು ಮೀಟರ್ ಚಿಲ್ಲರೆ. ಜನರೂ ವಾಹನಗಳೂ ಸೇರುವ ಕಡೆ ಮೂವತ್ತೇ ಮಿತಿ ಇರಲಿ ಅಂತ 2020ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಲೋಕದ ಎಷ್ಟೋ ದೇಶಗಳು ಕೂತು ಹೇಳಿವೆ. ನಮ್ಮ ರಸ್ತೆಗೆ ಅದಿನ್ನೂ ಕೇಳಿಸಿಲ್ಲ. ನಮ್ಮ ದೇಶದಲ್ಲಿ 2022ರ ಒಂದೇ ವರ್ಷ ರಸ್ತೆ ಅಪಘಾತದಲ್ಲಿ 1,68,491 ಜನ ಸತ್ತರು. ಅದರಲ್ಲಿ ಹದಿನೆಂಟು ತುಂಬದವರೇ ಒಂಬತ್ತು ಸಾವಿರಕ್ಕೂ ಹೆಚ್ಚು.

ನಮ್ಮೂರ ಹುಡುಗರು ಸುಮ್ಮನಿರಲಿಲ್ಲ. ಉಳಿದ ಜಲ್ಲಿ, ಒಂದು ಟ್ರ್ಯಾಕ್ಟರ್ ಮಣ್ಣು, ಮೇಲೆ ಒಂದಿಷ್ಟು ಸಿಮೆಂಟು ಹಾಕಿ ಒಂದೇ ರಾತ್ರಿಯಲ್ಲಿ ಹಂಪ್ಸ್ ಮಾಡಿದರು. ಊರಿಗೆಲ್ಲ ಖುಷಿ. ಮಾರನೇ ಬೆಳಿಗ್ಗೆ ಇನ್ನೂ ಕತ್ತಲಿರುವಾಗಲೇ ಡೈರಿಗೆ ಹಾಲು ಹಾಕೋಕೆ ಟಿವಿಎಸ್‌ನಲ್ಲಿ ಬಂದ ತಾತ ಅದರ ಮೇಲೆ ಹಾರಿ ಬಿದ್ದರು. ಕ್ಯಾನು ಉರುಳಿಕೊಂಡು ನಮ್ಮ ಜಗಲಿವರೆಗೂ ಬಂತು, ಹಾಲು ಡಾಂಬರಿನ ಮೇಲೆ ಹೊಳೆಯಾಗಿ ಹರೀತು. ತಾತನಿಗೆ ಕೈ ಮುರಿದಿತ್ತು. ನೀರು ಕುಡಿಸೋಕೆ ಹೋದರೆ ಅವರು ಕೇಳಿದ್ದು, "ಹಾಲೆಲ್ಲಾ ಹೋಯ್ತೇನವ್ವಾ?"

ಅವತ್ತು ಮಧ್ಯಾಹ್ನ ನನ್ನ ಟೇಪು ತಗೊಂಡು ಹೋಗಿ ಅಳೆದೆ. ಎತ್ತರ ಒಂಬತ್ತು ಇಂಚು, ಅಗಲ ಎರಡಡಿ. ಹಂಪ್ಸಿಗೂ ಒಂದು ಅಳತೆ ಇದೆ ಅಂತ ಮೇಷ್ಟ್ರು ಮೊಬೈಲಲ್ಲಿ ಹುಡುಕಿ ತೋರಿಸಿದ್ದು ಆಮೇಲೆ. ರಸ್ತೆಗಳ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಅನ್ನೋ ಸಂಸ್ಥೆ ಅದನ್ನು 1988ರಲ್ಲೇ ಬರೆದಿಟ್ಟಿದೆ: ಎತ್ತರ ಹತ್ತು ಸೆಂಟಿಮೀಟರ್, ಅಂದರೆ ನಾಲ್ಕು ಇಂಚು. ಅಗಲ 3.7 ಮೀಟರ್, ಅಂದರೆ ಹನ್ನೆರಡು ಅಡಿ. ಇಪ್ಪತ್ತೈದರ ವೇಗದಲ್ಲಿ ಬಂದವನನ್ನು ಅದು ತೊಟ್ಟಿಲು ತೂಗಿದ ಹಾಗೆ ದಾಟಿಸುತ್ತೆ. ಹನ್ನೆರಡು ಅಡಿ ಎಲ್ಲಿ, ನಮ್ಮ ಎರಡಡಿ ಎಲ್ಲಿ! ಬ್ಲೌಸಿನ ಕಂಕುಳಲ್ಲಿ ಅರ್ಧ ಇಂಚು ಹೆಚ್ಚುಕಡಿಮೆ ಆದರೆ ಗಿರಾಕಿ ವಾಪಸ್ ತಂದು ಎಸೀತಾಳೆ.

ಆಮೇಲೆ ಶುರುವಾಯ್ತು ಕಚೇರಿ ಅಲೆದಾಟ. ರಸ್ತೆ ನಮ್ಮ ವ್ಯಾಪ್ತಿಗೆ ಬರಲ್ಲ ಅಂದರು ಒಂದು ಕಡೆ. ಇನ್ನೊಂದು ಕಡೆ, "ಅದಕ್ಕೆ ಹೆಡ್ ಇಲ್ಲಮ್ಮಾ" ಅಂದರು. ಹೆಡ್‌ಮಾಸ್ಟ್ರು ಇದ್ದಾರಲ್ಲ ಸಾರ್, ಬೇಕಾದ್ರೆ ಕರ್ಕೊಂಡು ಬರ್ತೀನಿ ಅಂದೆ. ಅಲ್ಲಿದ್ದವರೆಲ್ಲ ನಕ್ಕರು. ಹೆಡ್ ಅಂದರೆ ಲೆಕ್ಕದಲ್ಲಿ ದುಡ್ಡು ತೋರಿಸುವ ಶೀರ್ಷಿಕೆಯಂತೆ. ರಸ್ತೆ ಮಾಡೋಕೆ ಹೆಡ್ ಇದೆ, ಅಗಲ ಮಾಡೋಕೆ ಇದೆ, ರಿಪೇರಿಗೂ ಇದೆ. ನಿಧಾನ ಮಾಡಿಸೋಕೆ ಮಾತ್ರ ಇಲ್ಲ.

ಅದೇ ವರ್ಷ ಶಾಲೆಗೆ ಒಂದು ಕಮಾನು ಬಂತು. ಗ್ರಾನೈಟು, ಎರಡೂ ಕಡೆ ಆನೆ, ಮೇಲೆ ಸರಸ್ವತಿ, ಕೆಳಗೆ ಹೆಸರುಗಳು. ಕಮಾನು ಬೇಡ ಅಂತ ನಾನು ಹೇಳಲ್ಲ, ಚೆನ್ನಾಗೇ ಇದೆ, ಮಕ್ಕಳು ಅದರ ಕೆಳಗೆ ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಒಬ್ಬ ಶಾಸಕರ ಪ್ರದೇಶಾಭಿವೃದ್ಧಿ ನಿಧಿಗೆ ವರ್ಷಕ್ಕೆ 2 ಕೋಟಿ ಬರುತ್ತೆ. ಅದರಲ್ಲಿ ಶಾಲೆ ಮುಂದಿನ ದಾಟುಜಾಗಕ್ಕೆ ಒಂದು ಪಾಲು ಸಿಗೋದು ಕಷ್ಟ ಯಾಕೆ ಅಂತ ಯೋಚಿಸಿದಾಗ ನನಗೆ ಹೊಳೆದದ್ದು ಇಷ್ಟೇ. ಕಮಾನಿಗೆ ಹೆಸರು ಬರೆಸಬಹುದು. ಹಂಪ್ಸಿಗೆ ಯಾರ ಹೆಸರು ಬರೆಸೋದು? ಬರೆಸಿದರೂ ಅದರ ಮೇಲೆ ಟೈರು ಹತ್ತುತ್ತೆ.

ಪಟ್ಟಣಗಳಲ್ಲಿ ಚಿನ್ನದಂಗಡಿಯವರೋ ಆಸ್ಪತ್ರೆಯವರೋ ದಾನ ಕೊಟ್ಟ ಬ್ಯಾರಿಕೇಡ್ ಇರುತ್ತೆ, ಹೆಸರು ದಪ್ಪಕ್ಷರದಲ್ಲಿ. ಗಾಳಿ ಬಂದರೆ ಬೀಳುತ್ತೆ, ಜಾತ್ರೆ ಬಂದರೆ ಇನ್ನೊಂದು ಕಡೆ ಹೋಗುತ್ತೆ. ಮಕ್ಕಳ ಜೀವವನ್ನು ದಾನಿಗಳಿಗೆ ಬಿಡೋದು ನನಗೆ ಸರಿ ಕಾಣಲ್ಲ.

ನನ್ನ ಲೆಕ್ಕ ಸರಳ. ರಸ್ತೆಯನ್ನು ವೇಗ ಮಾಡಿದ್ದು ಯಾವ ದುಡ್ಡೋ, ಶಾಲೆ ಮುಂದೆ ನಿಧಾನ ಮಾಡುವ ಖರ್ಚೂ ಅದರಲ್ಲೇ ಬರಬೇಕು. ಬೇರೆ ಅರ್ಜಿ, ಬೇರೆ ಅನುದಾನ ಅಂತ ಇರಬಾರದು. ಡಾಂಬರಿನ ಎಸ್ಟಿಮೇಟ್ ಬರೆಯುವ ದಿನವೇ ಅಳತೆ ಪ್ರಕಾರದ ಹಂಪ್ಸು, ಬಿಳಿ ಪಟ್ಟೆ, ಬೋರ್ಡು, ಗೇಟಿನ ಮುಂದೆ ಮಕ್ಕಳು ಓಡಿ ಬರದಂತೆ ಕಂಬಿ, ಇವೆಲ್ಲ ಅದೇ ಹಾಳೆಯಲ್ಲಿ ಇರಲಿ. ಅದಿಲ್ಲದೆ ಕಂಟ್ರಾಕ್ಟರಿಗೆ ಕೊನೆಯ ಬಿಲ್ ಪಾಸಾಗಬಾರದು. ಬಸ್ ನಿಲ್ಲುವ ಜಾಗವನ್ನು ದಾಟುವ ಜಾಗದಿಂದ ಸ್ವಲ್ಪ ಮುಂದಕ್ಕೆ ತಳ್ಳೋಕಂತೂ ಹೆಚ್ಚು ದುಡ್ಡೂ ಬೇಡ.

ದುಡ್ಡಿಲ್ಲ ಅನ್ನೋರಿಗೆ ಒಂದು ನೆನಪು. 2023ರ ಫೆಬ್ರವರಿಯಲ್ಲಿ ಬೆಂಗಳೂರಲ್ಲಿ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಕೊಟ್ಟಾಗ ಕೆಲವೇ ದಿನದಲ್ಲಿ ನೂರು ಕೋಟಿಗೂ ಮೇಲೆ ಬಂತು. ಅದು ಸರ್ಕಾರದ ಖಜಾನೆಗೆ ಹೋಗುತ್ತೆ. ತಪ್ಪು ಓಡಿಸಿದವರಿಂದ ವಸೂಲಾದ ಹಣದಲ್ಲಿ ಒಂದು ಭಾಗ ಶಾಲೆ ಮುಂದಿನ ರಸ್ತೆಗೇ ಅಂತ ಕಟ್ಟಿಟ್ಟರೆ ಹೆಡ್ ಇಲ್ಲ ಅನ್ನುವ ಮಾತೇ ಬರಲ್ಲ. ಕಾನೂನೂ ಕೈಕಟ್ಟಿ ಕೂತಿಲ್ಲ. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ 198ಎ ಅಂತ ಒಂದು ಕಲಂ ಇದೆ. ರಸ್ತೆಯನ್ನು ನಿಗದಿತ ಮಾನದಂಡದಂತೆ ಮಾಡದೆ ಸಾವು, ಅಂಗವೈಕಲ್ಯ ಆದರೆ ಅಧಿಕಾರಿ, ಕಂಟ್ರಾಕ್ಟರ್ ಯಾರೇ ಇರಲಿ, 1 ಲಕ್ಷದವರೆಗೆ ದಂಡ. ಆದರೆ ಅದು ಮಗು ಹೋದ ಮೇಲಿನ ಮಾತು. ಅದಕ್ಕೇ ಈ ಸಲ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಅರ್ಜಿ ಬರೆದಿದ್ದೇವೆ. ಡಿಸಿ ಸಾಹೇಬರೇ ಅದರ ಅಧ್ಯಕ್ಷರು. ಅರ್ಜಿ ಜೊತೆ ನನ್ನ ಟೇಪಿನ ಅಳತೆ, ತಾತನ ಆಸ್ಪತ್ರೆ ಚೀಟಿಯ ಜೆರಾಕ್ಸು, ನೂರ ಹದಿನಾಲ್ಕು ಸಹಿ.

ನಿಮ್ಮೂರಲ್ಲಿ ಹೊಸ ರಸ್ತೆಗೆ ಎಸ್ಟಿಮೇಟ್ ಆಗ್ತಾ ಇದ್ದರೆ ಈಗಲೇ ಹೋಗಿ ನಕಲು ಕೇಳಿ. ಡಾಂಬರು ಬಿದ್ದ ಮೇಲೆ ಯಾರೂ ಫೋನ್ ಎತ್ತಲ್ಲ, ಅನುಭವದಿಂದ ಹೇಳ್ತಿದ್ದೀನಿ.

ಇಲ್ಲಿಗೆ ಸಾಕು, ನಾಲ್ಕು ಗಂಟೆ ಆಯ್ತು. ತಾಯಂದಿರು ಪಾಳಿ ಮಾಡಿಕೊಂಡಿದ್ದೇವೆ, ಇವತ್ತು ನನ್ನದು. ಕೆಂಪು ಬ್ಲೌಸ್ ಪೀಸೊಂದನ್ನು ಕೋಲಿಗೆ ಕಟ್ಟಿಟ್ಟಿದ್ದೀನಿ. ಅದನ್ನು ಹಿಡಿದು ರಸ್ತೆ ಮಧ್ಯೆ ನಿಂತುಕೊಳ್ಳಬೇಕು.