ಎಚ್‌ಆರ್ ವಿಭಾಗದ ಹೃದಯವಂತಿಕೆ

ಸೆಪ್ಟೆಂಬರ್ 29 ವಿಶ್ವ ಹೃದಯ ದಿನ. ಮುಂಬೈಯ ಲೋವರ್ ಪರೇಲಿನಲ್ಲಿ, ಹಿಂದೆ ಬಟ್ಟೆ ಗಿರಣಿಗಳಿದ್ದ ಜಾಗದಲ್ಲಿ ಎದ್ದು ನಿಂತಿರುವ ಗಾಜಿನ ಗೋಪುರಗಳಲ್ಲಿ ಅಂದು ಕೆಂಪು ಬಲೂನುಗಳ ಸುಗ್ಗಿ. ಉಳಿದ 364 ದಿನ ನೌಕರನಿಗೆ ತಲೆ ಇದೆಯೇ ಎಂದಷ್ಟೇ ವಿಚಾರಿಸುವ ಆಡಳಿತಕ್ಕೆ ಆ ದಿನ ಅವನ ಹೃದಯವೂ ಸಿಗುತ್ತದೆ.

ಡೊಂಬಿವಲಿಯ ಕನ್ನಡಿಗ ಗೆಳೆಯರೊಬ್ಬರ ಕಚೇರಿಯ ತಪಾಸಣಾ ಶಿಬಿರವನ್ನೇ ನೋಡಿ. ಬರಿಹೊಟ್ಟೆಯಲ್ಲಿ ಬರಬೇಕೆಂದು ಆಜ್ಞೆ. ಕುಡಿಯದ ಕಾಫಿಯನ್ನು ನೆನೆಯುತ್ತ, ಲೋಕಲ್ ರೈಲಿನಲ್ಲಿ ಒಂಟಿ ಕಾಲಿನ ಮೇಲೆ ನಿಂತು ಬಂದರು. ನಿರ್ದೇಶಕರ ಉದ್ಘಾಟನಾ ಭಾಷಣ ಮುಗಿದಾಗ ಹನ್ನೊಂದೂವರೆ. ರಕ್ತದೊತ್ತಡ 150/96. ‘ಒತ್ತಡ ಕಡಿಮೆ ಮಾಡಿಕೊಳ್ಳಿ’ ಎಂದರು ವೈದ್ಯರು. ಶಿಬಿರದಲ್ಲಿ ಕಳೆದ ಹೊತ್ತನ್ನು ಸಂಜೆ ತುಂಬಿಕೊಡಿ ಎಂದರು ಪಕ್ಕದಲ್ಲೇ ನಿಂತಿದ್ದ ಮ್ಯಾನೇಜರ್. ರಕ್ತ ಕೊಟ್ಟವರಿಗೆಲ್ಲ ವಡಾಪಾವ್ ಉಚಿತ.

‘ಲಿಫ್ಟ್ ಬಿಡಿ, ಮೆಟ್ಟಿಲು ಹತ್ತಿ’ ಎಂಬ ಫಲಕ ಲಿಫ್ಟಿನೊಳಗೇ ಇತ್ತು. ಮೆಟ್ಟಿಲಿನ ಬಾಗಿಲಿಗೆ ಭದ್ರತೆಯ ನೆಪದಲ್ಲಿ ಬೀಗ. ಮೆಟ್ಟಿಲಿನ ಮಹಿಮೆ ಸುಳ್ಳೇನಲ್ಲ. ಲಂಡನ್ನಿನ ಡಬಲ್ ಡೆಕ್ಕರ್ ಬಸ್ಸುಗಳಲ್ಲಿ ಕುಳಿತೇ ಇರುವ ಚಾಲಕರಿಗಿಂತ ಹತ್ತಿ ಇಳಿಯುವ ಕಂಡಕ್ಟರುಗಳಿಗೆ ಹೃದ್ರೋಗ ಕಡಿಮೆ ಎಂದು ಬ್ರಿಟನ್ನಿನ ವೈದ್ಯ ಸಂಶೋಧಕ ಜೆರ್ರಿ ಮಾರಿಸ್ 1953ರಲ್ಲೇ ತೋರಿಸಿದ್ದರು. ಆ ಕಂಡಕ್ಟರನಿಗೆ ಯಾರೂ ಹೆಜ್ಜೆ ಎಣಿಸುವ ಗಡಿಯಾರ ಕಟ್ಟಿರಲಿಲ್ಲ. ಅವನ ಕೆಲಸವೇ ಹಾಗಿತ್ತು.

ಕೆಲಸದ ಮಾತನ್ನು ಮಾತ್ರ ಬಲೂನಿನ ಮೇಲೆ ಯಾರೂ ಅಚ್ಚು ಹಾಕಿಸುವುದಿಲ್ಲ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಹೆಚ್ಚು ದುಡಿಯುವವರಿಗೆ, 35ರಿಂದ 40 ಗಂಟೆ ದುಡಿಯುವವರಿಗಿಂತ ಹೃದ್ರೋಗದಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯೂ 2021ರಲ್ಲಿ ಹೇಳಿದವು. ಮುಂಬೈಯಲ್ಲೇ ಕೇಂದ್ರ ಕಚೇರಿ ಇರುವ ಎಲ್ ಆಂಡ್ ಟಿ ಕಂಪನಿಯ ಅಧ್ಯಕ್ಷರ ಬಾಯಲ್ಲಿ ಬಂದದ್ದು 90 ಗಂಟೆಯ ವಾರ. 2025ರ ಜನವರಿಯಲ್ಲಿ ದೇಶವೆಲ್ಲ ಅದನ್ನು ಕೇಳಿತು. ಭಾರತೀಯ ಗಂಡಸಿನ ಸೊಂಟ 90 ಸೆಂಟಿಮೀಟರ್ ದಾಟಬಾರದು ಎನ್ನುತ್ತದೆ ವೈದ್ಯಶಾಸ್ತ್ರ. ಸೊಂಟಕ್ಕೆ ಮಿತಿಯಾದ ಸಂಖ್ಯೆ ದುಡಿಮೆಗೆ ಗುರಿಯಾಯಿತು!

ಗೆಳೆಯರು ತುಂಬಿದ ನಮೂನೆಯಲ್ಲಿ ಸಿಗರೇಟು, ಮದ್ಯ, ಉಪ್ಪು, ಸಕ್ಕರೆ ಎಲ್ಲಕ್ಕೂ ಖಾನೆಗಳಿದ್ದವು. ರಾತ್ರಿ ಎಷ್ಟು ಗಂಟೆಗೆ ಮನೆ ಸೇರುತ್ತೀರಿ ಎಂಬುದಕ್ಕೆ ಇರಲಿಲ್ಲ. ತಂದೆಗೆ ಹೃದಯಾಘಾತವಾಗಿತ್ತೇ ಎಂದು ಕೇಳಿದರು. ಆಗಿತ್ತು, ಅವರೂ ಇದೇ ಕಂಪನಿಯಲ್ಲಿ ದುಡಿದವರು ಎಂದರು ಗೆಳೆಯರು. ‘ವಂಶಪಾರಂಪರ್ಯ’ ಎಂದು ಬರೆದುಕೊಂಡರು.