ಡಿಪಿಆರ್ ಬರೆದವರಿಗೆ ಬಿಲ್ ಆಯಿತು, ಗಟಾರಕ್ಕೆ ಹೊಣೆ ಯಾರು?

ವಿಜಯಪುರ ಜಿಲ್ಲೆಯ ನಮ್ಮ ತಾಲ್ಲೂಕು ಕೇಂದ್ರದಲ್ಲಿ, ನಮ್ಮ ಓಣಿಯ ಎರಡೂ ಬದಿಗೆ ಕಟ್ಟಿದ ಕಾಂಕ್ರೀಟ್ ಗಟಾರವು ಎರಡನೆಯ ಮಳೆಗಾಲ ಕಾಣುವ ಮೊದಲೇ ಬಿರುಕು ಬಿಟ್ಟಿದೆ. ಬಿರುಕಷ್ಟೇ ಆಗಿದ್ದರೆ ಗುತ್ತಿಗೆದಾರನನ್ನು ಬೈದು ಸುಮ್ಮನಾಗಬಹುದಿತ್ತು. ಆದರೆ ಹೊಸ ಗಟಾರದ ತಳವು, ಓಣಿಯ ತುದಿಯಲ್ಲಿ ಅದು ಹೋಗಿ ಸೇರಬೇಕಾದ ಹಳೆಯ ಸಿಡಿಯ (ರಸ್ತೆಯಡಿ ನೀರು ದಾಟಿಸುವ ಮೋರಿಯ) ತಳಕ್ಕಿಂತ ಒಂದು ಗೇಣು ಕೆಳಗಿದೆ. ಅಂದರೆ ನೀರು ಹತ್ತಿಕೊಂಡು ಮೇಲಕ್ಕೆ ಹೋಗಬೇಕು. ಅದು ಹೋಗುವುದಿಲ್ಲವಾದ್ದರಿಂದ ಬಚ್ಚಲ ನೀರು ವರ್ಷವಿಡೀ ಅಲ್ಲೇ ನಿಂತು ಹುಳ ಬಿದ್ದು, ಸೆಪ್ಟೆಂಬರಿನ ಒಂದು ದೊಡ್ಡ ಮಳೆಗೆ ಹೊಸ್ತಿಲು ದಾಟಿ ಪಡಸಾಲೆಗೆ ಬರುತ್ತದೆ.

ಗುತ್ತಿಗೆದಾರನನ್ನು ಕೇಳಿದರೆ, "ಡ್ರಾಯಿಂಗ್‌ನ್ಯಾಗ ಹೆಂಗ ಐತಿ ಹಂಗ ಕಟ್ಟೀವ್ರಿ ಸರ, ಒಂದು ಇಂಚು ಆಚೀಚೆ ಮಾಡಿಲ್ಲ" ಎನ್ನುತ್ತಾನೆ. ಆತ ಹೇಳುವುದರಲ್ಲಿ ಸುಳ್ಳಿಲ್ಲ. ನಾನೇ ಟೇಪು, ಲೆವೆಲ್ ಪೈಪು ಹಿಡಿದು ನೋಡಿದ್ದೇನೆ. ಪುರಸಭೆಯ ಜೆ.ಇ. (ಕಿರಿಯ ಎಂಜಿನಿಯರ್) ಅವರನ್ನು ಕೇಳಿದರೆ, "ಡಿಪಿಆರ್ ಕನ್ಸಲ್ಟಂಟರು ಮಾಡ್ಯಾರ್ರಿ, ನಮ್ಮ ಕೈಯಾಗ ಏನೈತಿ?" ಎಂದು ನನ್ನನ್ನೇ ತಿರುಗಿ ಕೇಳುತ್ತಾರೆ. ಡಿಪಿಆರ್ ಎಂದರೆ ನಕ್ಷೆ, ಅಂದಾಜುಗಳೊಡನೆ ಕಾಮಗಾರಿಗೆ ಮೊದಲೇ ತಯಾರಾಗುವ ವಿವರವಾದ ಯೋಜನಾ ವರದಿ. ಕನ್ಸಲ್ಟಂಟರ ಕಚೇರಿಗೆ ಫೋನು ಹಚ್ಚಿದರೆ, ಆ ಪ್ರಾಜೆಕ್ಟ್ ಮುಗಿದು ಫೈನಲ್ ಬಿಲ್ ಆಗಿದೆ, ಏನಿದ್ದರೂ ಪುರಸಭೆಯನ್ನು ಕೇಳಿ ಎಂಬ ಉತ್ತರ ಬರುತ್ತದೆ. ಮೂವರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಇದ್ದಾರೆ, ಗಟಾರ ಮಾತ್ರ ತಪ್ಪಾಗಿದೆ. ಇದು ಹೇಗೆ ಸಾಧ್ಯವೆಂದು ತಿಳಿಯಲು ಮಾಹಿತಿ ಹಕ್ಕಿನಡಿ ಪುರಸಭೆಯು ಕನ್ಸಲ್ಟಂಟರೊಂದಿಗೆ ಮಾಡಿಕೊಂಡ ಕರಾರಿನ ಪ್ರತಿಯನ್ನೇ ಕೇಳಿ ಪಡೆದೆ. (ಕರ್ನಾಟಕದಲ್ಲಿ ಆ ಅರ್ಜಿ 150 ಪದ ಮೀರಬಾರದೆಂಬ ನಿಯಮವಿದೆ, ಸಿಟ್ಟಿಗೆ ಜಾಗವಿಲ್ಲದ್ದರಿಂದ ಅದನ್ನು ಇಲ್ಲಿ ಬರೆಯುತ್ತಿದ್ದೇನೆ.)

ಕರಾರು ಓದಿದ ಮೇಲೆ ತಿಳಿದದ್ದೇನೆಂದರೆ, ಪುರಸಭೆ ಕೊಂಡದ್ದು ಎಂಜಿನಿಯರಿಂಗ್ ಸೇವೆಯನ್ನಲ್ಲ, ಬೈಂಡ್ ಮಾಡಿದ ಕಾಗದವನ್ನು. ಆರಂಭಿಕ ವರದಿ ಕೊಟ್ಟಾಗ ಇಷ್ಟು, ಕರಡು ಡಿಪಿಆರ್ ಕೊಟ್ಟಾಗ ಇಷ್ಟು, ಮೇಲಿನ ಕಚೇರಿಯಿಂದ ತಾಂತ್ರಿಕ ಮಂಜೂರಾತಿ ಸಿಕ್ಕಾಗ ಉಳಿದದ್ದು ಎಂದು ಹಣ ಪಾವತಿಯ ಕಂತುಗಳನ್ನು ಕಟ್ಟಲಾಗಿದೆ. ನೆಲಕ್ಕೆ ಮೊದಲ ಗುದ್ದಲಿ ಬೀಳುವ ಹೊತ್ತಿಗೆ ನಕ್ಷೆ ಬರೆದವರ ಲೆಕ್ಕ ಚುಕ್ತಾ ಆಗಿರುತ್ತದೆ. ಕಟ್ಟುವವನಿಗೆ ಇಎಂಡಿ (ಟೆಂಡರ್ ಹಾಕುವಾಗಲೇ ಇಡುವ ಠೇವಣಿ) ಉಂಟು, ಭದ್ರತಾ ಠೇವಣಿ ಉಂಟು, ಕೆಲಸ ಮುಗಿದ ಮೇಲೂ ದೋಷ ಕಂಡರೆ ಸ್ವಂತ ಖರ್ಚಿನಲ್ಲಿ ಸರಿಪಡಿಸಬೇಕಾದ ಅವಧಿ ಉಂಟು. ಏನು ಕಟ್ಟಬೇಕು, ಯಾವ ಮಟ್ಟದಲ್ಲಿ ಕಟ್ಟಬೇಕು ಎಂದು ಹೇಳಿದವರಿಗೆ ಇದಾವುದೂ ಇಲ್ಲ. ಅವರ ಹೊಣೆಗಾರಿಕೆ ಯಾವ ಸಂದರ್ಭದಲ್ಲೂ ಪಡೆದ ಶುಲ್ಕವನ್ನು ಮೀರತಕ್ಕದ್ದಲ್ಲ ಎಂಬ ಕಲಂ ಬೇರೆ ಇದೆ. ವೃತ್ತಿ ಹೊಣೆಗಾರಿಕೆಯ ವಿಮೆ ಮಾಡಿಸಬೇಕೆಂಬ ಸಾಲಿನ ಎದುರು "ಅನ್ವಯಿಸುವುದಿಲ್ಲ" ಎಂದು ಬರೆದಿದ್ದಾರೆ. ಯಾರು ಬರೆದರೋ, ಯಾಕೆ ಬರೆದರೋ!

ಶುಲ್ಕದ ಕಥೆ ಇನ್ನೂ ವಿಚಿತ್ರವಾಗಿದೆ. ಟೆಂಡರಿನ ತಾಂತ್ರಿಕ ಲಕೋಟೆಯಲ್ಲಿ ಕನಿಷ್ಠ ಅಂಕ ಪಡೆದು ಪಾಸಾದವರಲ್ಲಿ ಯಾರು ಕಡಿಮೆ ಕೇಳಿದರೋ ಅವರಿಗೇ ಕೆಲಸ, ಅಂದರೆ ಎಲ್-1. ಆ ದರವೂ ಕಾಮಗಾರಿಯ ಅಂದಾಜು ಮೊತ್ತದ ಶೇಕಡಾ ಇಷ್ಟು ಎಂಬ ಲೆಕ್ಕದಲ್ಲಿ. ಶೇಕಡಾವಾರು ಕಡಿಮೆ ಕೇಳಿದವರು ಓಣಿ ಓಣಿ ತಿರುಗಿ ಲೆವೆಲ್ (ನೆಲದ ಏರಿಳಿತದ ಅಳತೆ) ತೆಗೆಯಲು ಜನರನ್ನು ಕಳುಹಿಸಿದರೆ ಕೈಯಿಂದ ಹಾಕಬೇಕಾಗುತ್ತದೆ, ಆದ್ದರಿಂದ ಕಳುಹಿಸುವುದಿಲ್ಲ. ಅಂದಾಜು ಮೊತ್ತ ಏರಿದಷ್ಟೂ ಶುಲ್ಕ ಏರುವುದರಿಂದ ಅದನ್ನು ಇಳಿಸುವ ಉಸಾಬರಿಯೂ ಅವರಿಗೆ ಬೇಕಿಲ್ಲ. ಅಮೆರಿಕದಲ್ಲಿ 1972ರ ಬ್ರೂಕ್ಸ್ ಕಾಯ್ದೆಯಂತೆ ಅಲ್ಲಿನ ಕೇಂದ್ರ ಸರಕಾರವು ಎಂಜಿನಿಯರುಗಳನ್ನು ಮೊದಲು ಅರ್ಹತೆಯ ಮೇಲೆ ಆರಿಸಿ, ಆಮೇಲೆ ದರದ ಮಾತಿಗೆ ಕೂರುತ್ತದೆ. ಮಾತು ಕುದುರದಿದ್ದರೆ ಎರಡನೆಯ ಅರ್ಹರನ್ನು ಕರೆಯುತ್ತದೆ. ಅದನ್ನು ಹಾಗೆಯೇ ಇಲ್ಲಿಗೆ ತಂದರೆ ಅರ್ಹತೆಯ ಹೆಸರಿನಲ್ಲಿ ಬೇಕಾದವರಿಗೇ ಕೊಟ್ಟಾರು ಎಂಬ ಭಯ ನನಗೂ ಇದೆ. ಸರಕಾರಿ ಖರೀದಿಗೆಂದು ಇರುವ ನಮ್ಮ ಕರ್ನಾಟಕದ 1999ರ ಕೆಟಿಪಿಪಿ ಕಾಯ್ದೆ ಬಂದದ್ದೇ ಟೆಂಡರುಗಳಲ್ಲಿ ಪಾರದರ್ಶಕತೆ ಇರಲಿ ಎಂದು. ಆದರೆ ಸಿಮೆಂಟಿನ ಚೀಲವನ್ನೂ ಎಂಜಿನಿಯರನ ಬುದ್ಧಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕೆಂದು ಯಾರೂ ಹೇಳಿರಲಿಲ್ಲ.

ನಾನು ಪಾಲಿಟೆಕ್ನಿಕ್‌ನ ಸಿವಿಲ್ ಲ್ಯಾಬಿನಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಆದ್ದರಿಂದ ಡಿಪಿಆರ್‌ನಲ್ಲಿ ಮೊದಲು ಹುಡುಕಿದ್ದು ಮಣ್ಣಿನ ಪುಟವನ್ನು. ಇಡೀ ಪಟ್ಟಣಕ್ಕೆ ಒಂದೇ ಸಾಲು: ಗಟ್ಟಿ ಗರಸು (ನೀರಿಗೆ ಉಬ್ಬದ ಕಲ್ಲುಮಿಶ್ರಿತ ನೆಲ). ನಮ್ಮ ಓಣಿ ಇರುವುದು ಎರೆಮಣ್ಣಿನ ಮೇಲೆ, ಇದು ಇಲ್ಲಿ ಶಾಲೆಗೆ ಹೋಗುವ ಹುಡುಗನಿಗೂ ಗೊತ್ತು. ಮಳೆಗೆ ಉಬ್ಬಿ, ಬೇಸಿಗೆಗೆ ಕೈ ಹೋಗುವಷ್ಟು ಬಿರಿಯುವ ಮಣ್ಣು ಅದು. ಅದು ಎಷ್ಟು ಉಬ್ಬುತ್ತದೆಂದು ತಿಳಿಯಲು ಭಾರತೀಯ ಮಾನಕವಾದ ಐಎಸ್ 2720ರ 40ನೆಯ ಭಾಗದಲ್ಲಿ ಒಂದು ಸರಳ ಪರೀಕ್ಷೆ ಇದೆ. ಮಣ್ಣನ್ನು ಒಣಗಿಸಿ 425 ಮೈಕ್ರಾನ್ ಜರಡಿಯಲ್ಲಿ ಸೋಸಿ, 10 ಗ್ರಾಂ ಒಂದು ಗಾಜಿನ ಸಿಲಿಂಡರಿಗೆ, 10 ಗ್ರಾಂ ಇನ್ನೊಂದಕ್ಕೆ ಹಾಕಬೇಕು. ಒಂದಕ್ಕೆ ಬಟ್ಟಿ ಇಳಿಸಿದ ನೀರು, ಮತ್ತೊಂದಕ್ಕೆ ಸೀಮೆ ಎಣ್ಣೆ ತುಂಬಿ, ಕೋಲಿನಿಂದ ಕದಡಿ ಗಾಳಿ ಬಿಡಿಸಿ, 24 ತಾಸು ಇಡಬೇಕು. ಸೀಮೆ ಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ, ನೀರಿನಲ್ಲಿ ಉಬ್ಬುತ್ತದೆ, ಎರಡರ ಅಂತರವೇ ಉತ್ತರ. ನಮ್ಮ ಗಟಾರದ ಪಕ್ಕದ ಮಣ್ಣನ್ನು ಹಳೆಯ ವಿದ್ಯಾರ್ಥಿಯೊಬ್ಬನ ಲ್ಯಾಬಿನಲ್ಲಿ ಹೀಗೆ ಇಟ್ಟಾಗ, ಮರುದಿನ ನೀರಿನ ಸಿಲಿಂಡರಿನ ಮಣ್ಣು ಸೀಮೆ ಎಣ್ಣೆಯದರ ಹತ್ತಿರ ಹತ್ತಿರ ಇಮ್ಮಡಿಯಾಗಿತ್ತು. ಇಂಥ ನೆಲದಲ್ಲಿ ಎರೆಮಣ್ಣನ್ನು ತಕ್ಕಷ್ಟು ಆಳ ತೆಗೆದು ಉಬ್ಬದ ಮಣ್ಣು ತುಂಬಿ ಕುಟ್ಟಿ, ಅದರ ಮೇಲೆ ಗಟಾರ ಕೂರಿಸಬೇಕಾಗಿತ್ತು. ಡಿಪಿಆರ್‌ನಲ್ಲಿ ಗರಸು ಎಂದು ಬರೆದದ್ದರಿಂದ ಆ ಬಾಬ್ತು ಎಸ್ಟಿಮೇಟಿಗೇ ಬರಲಿಲ್ಲ. ಎಸ್ಟಿಮೇಟಿಗೆ ಬಾರದ್ದನ್ನು ಗುತ್ತಿಗೆದಾರ ಮಾಡಲಿಲ್ಲ. ಕೇಂದ್ರದ ಸಿಪಿಎಚ್‌ಇಇಒ ಎಂಬ ನೀರು-ನೈರ್ಮಲ್ಯದ ತಾಂತ್ರಿಕ ಸಂಸ್ಥೆ 2019ರಲ್ಲಿ ಮಳೆನೀರು ಚರಂಡಿಗಳಿಗೆಂದೇ ಹೊರತಂದ ಕೈಪಿಡಿಯ ಸಾಲುಗಳನ್ನು ಮಾತ್ರ ಮೊದಲ ಅಧ್ಯಾಯದ ತುಂಬ ತುಂಬಿದ್ದಾರೆ. ನಮ್ಮ ಓಣಿಯದೆಂದು ಹೇಳಬಹುದಾದ ಒಂದೇ ಒಂದು ಅಳತೆ ಆ ವರದಿಯಲ್ಲಿಲ್ಲ.

ಟೆಂಡರಿನಲ್ಲಿ ಅಂಕ ಗಳಿಸಿಕೊಟ್ಟ ಹಿರಿಯ ಎಂಜಿನಿಯರರ ಬಯೋಡೇಟಾ ಕಡತದಲ್ಲಿದೆ, ಮಣ್ಣು ತಜ್ಞರದೂ ಇದೆ. ಕರಾರಾದ ಮೇಲೆ ಇಬ್ಬರನ್ನೂ "ಅನಿವಾರ್ಯ ಕಾರಣಗಳಿಂದ" ಬದಲಿಸಿದ ಪತ್ರವೂ ಅದರ ಹಿಂದೆಯೇ ಇದೆ. ಬದಲಿಗೆ ಬಂದವರು ಯಾರು, ಅವರು ನಮ್ಮ ಊರಿನ ಬಸ್ ಸ್ಟ್ಯಾಂಡಿನಲ್ಲಾದರೂ ಇಳಿದಿದ್ದರೇ ಎಂಬುದಕ್ಕೆ ಕಡತದಲ್ಲಿ ಒಂದು ಸ್ಥಳ ಪರಿಶೀಲನಾ ಟಿಪ್ಪಣಿಯೂ ಇಲ್ಲ.

ಪುರಸಭೆಯ ಎಂಜಿನಿಯರುಗಳ ಬಗ್ಗೆ ಪೂರ್ತಿ ಕಠೋರವಾಗಲು ನನ್ನಿಂದಾಗುವುದಿಲ್ಲ. ಕುಡಿಯುವ ನೀರು, ರಸ್ತೆ, ಬೀದಿ ದೀಪ, ಕಟ್ಟಡ ಪರವಾನಗಿ ಎಲ್ಲವನ್ನೂ ಬೆರಳೆಣಿಕೆಯ ಜನ ನೋಡಬೇಕು. ಆದರೂ ಸಲಹೆಗಾರರು ಕೊಟ್ಟ ನಕ್ಷೆಯ ಮೇಲೆ "ಪರಿಶೀಲಿಸಿದೆ" ಎಂದು ಸಹಿ ಹಾಕುವ ಮೊದಲು, ಕಚೇರಿಯಿಂದ ಕಾಲ್ನಡಿಗೆಯ ದೂರದಲ್ಲಿರುವ ಸಿಡಿಯ ತಳ ಎಲ್ಲಿದೆ ಎಂದು ಒಮ್ಮೆ ಬಗ್ಗಿ ನೋಡಲು ಯಾವ ಸಿಬ್ಬಂದಿ ಕೊರತೆ ಅಡ್ಡ ಬಂತು?

ಪಕ್ಕದ ಬಾಗಲಕೋಟೆಯಲ್ಲಿ, ಆಲಮಟ್ಟಿಯ ಹಿನ್ನೀರಿಗೆ ಹಳೆಯ ಊರಿನ ಒಂದು ಭಾಗ ಹೋದಾಗ ಕಟ್ಟಿದ ನವನಗರದ ಯೋಜನೆ ಹಾಕಿದವರು ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಅದನ್ನು ಹೊಗಳುವವರೂ ಇದ್ದಾರೆ, ಸೆಕ್ಟರುಗಳ ಬಗ್ಗೆ ತಕರಾರು ಮಾಡುವವರೂ ಇದ್ದಾರೆ. ಏನೇ ಇರಲಿ, ಯೋಜನೆ ಯಾರದೆಂದು ಹೆಸರು ಹಿಡಿದು ಮಾತಾಡಬಹುದು. ನಮ್ಮ ಗಟಾರದ ಬೋರ್ಡಿನ ಮೇಲೆ ಶಂಕುಸ್ಥಾಪನೆ ಮಾಡಿದವರ, ಉದ್ಘಾಟಿಸಿದವರ, ಉಪಸ್ಥಿತರ, ಗುತ್ತಿಗೆದಾರನ ಹೆಸರುಗಳಿವೆ. ವಿನ್ಯಾಸ ಮಾಡಿದವರ ಹೆಸರಿಲ್ಲ.

ಕೋರ್ಟಿಗೆ ಹೋಗೋಣವೆಂದರೆ, ವಕೀಲ ಗೆಳೆಯರು 1872ರ ಕರಾರು ಕಾಯ್ದೆಯ 73ನೆಯ ಕಲಂ ತೋರಿಸಿದರು. ಕರಾರು ಮುರಿದವರಿಂದ ನಷ್ಟ ಪರಿಹಾರ ಕೇಳಬಹುದು, ಆದರೆ ಕೇಳಬೇಕಾದದ್ದು ಕರಾರಿನ ಇನ್ನೊಂದು ಪಕ್ಷವಾದ ಪುರಸಭೆ. ಪುರಸಭೆಯೋ ಕೆಲಸ ತೃಪ್ತಿಕರವೆಂದು ಪ್ರಮಾಣಪತ್ರ ಕೊಟ್ಟಾಗಿದೆ. ಅದೇ ಪ್ರಮಾಣಪತ್ರ ತೋರಿಸಿ ಆ ಕಂಪನಿ ಮುಂದಿನ ಊರಿನ ಟೆಂಡರಿನಲ್ಲಿ ಅನುಭವದ ಅಂಕ ಪಡೆಯುತ್ತದೆ.

ಈಗ ಉಳಿದ ವಾರ್ಡುಗಳ ಗಟಾರಕ್ಕೆ ಡಿಪಿಆರ್ ತಯಾರಿಸಲು ಹೊಸ ಟೆಂಡರ್ ಕರೆದಿದ್ದಾರೆ. ಪೋರ್ಟಲ್‌ನಿಂದ ಇಳಿಸಿಕೊಂಡು ಓದಿದರೆ ಅದೇ ಕಂತುಗಳು, ಅದೇ ಹೊಣೆ ಮಿತಿ, ವಿಮೆಯ ಎದುರು ಅದೇ "ಅನ್ವಯಿಸುವುದಿಲ್ಲ". ಪ್ರತಿ ಓಣಿಯ ಮಣ್ಣು ಪರೀಕ್ಷೆ ಮತ್ತು ಲೆವೆಲ್ ಪುಸ್ತಕ ಕಡ್ಡಾಯ ಮಾಡಿ, ಶುಲ್ಕದ ಕೊನೆಯ ಕಂತನ್ನು ಒಂದು ಮಳೆಗಾಲ ಕಳೆಯುವವರೆಗೆ ತಡೆಹಿಡಿಯಿರಿ ಎಂದು ಬರೆದುಕೊಂಡು, ಬಿಡ್ ಹಾಕುವ ಮುಂಚೆ ನಡೆಯುವ ಪ್ರೀ-ಬಿಡ್ ಸಭೆಗೆ ಹೋದೆ. "ನೀವು ಬಿಡ್ಡರ್ ಅಲ್ಲಲ್ರಿ, ನಿಮ್ಮ ಪ್ರಶ್ನಿ ತಗೊಳ್ಳಾಕ ಬರೂದಿಲ್ಲ" ಎಂದರು. ಟೆಂಡರ್ ಮಂಜೂರಾತಿಯ ವಿಷಯ ಸಾಮಾನ್ಯ ಸಭೆಗೆ ಬರುವ ದಿನ, ಓಣಿಯವರೆಲ್ಲ ಸೇರಿ ನಮ್ಮ ವಾರ್ಡಿನ ಸದಸ್ಯರ ಕೈಗೆ ಅದೇ ಕಾಗದವನ್ನು ಕೊಟ್ಟು, ಅವರು ಅದನ್ನು ಓದುವವರೆಗೂ ಸಭಾಂಗಣದ ಬಾಗಿಲಲ್ಲಿ ಕೂರುವವರಿದ್ದೇವೆ.